ಟಾರ್ಗೆಟ್ ಪಟ್ಟಿಯೂ ಮನೆಬಾಗಿಲೂ

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿಗಳಿಗೆ ಬೈಕಿನ ಮೇಲೆ ಬಂದು ಸಂಘದ ಸಾಲದ ಕಂತು ಎತ್ತುವ ಮೈಕ್ರೊ ಫೈನಾನ್ಸ್ ತರುಣರನ್ನು ನಿರ್ದಯಿಗಳೆಂದು ಹಳಿಯುವವರು ಹಲವರಾದರೂ, ಆ ನಿರ್ದಯತೆಯ ಮೂಲವನ್ನು ಅವರ ಕಚೇರಿಯೊಳಗೆ ಅರಸಿದವರು ವಿರಳ. ಅಡವಿಲ್ಲದೆ ಹೆಣ್ಣುಮಕ್ಕಳ ಕೈಗೆ ಸಾಲ ಮುಟ್ಟಿಸಿದ್ದು ಈ ಪದ್ಧತಿಯ ಗುಣವೇ ಸರಿ. ದೋಷವಿರುವುದು ಕಚೇರಿಯು ನೌಕರರಿಗೆ ಹಾಕಿಕೊಡುವ ವಸೂಲಿಯ ಟಾರ್ಗೆಟ್ ಪಟ್ಟಿಯಲ್ಲಿ.

ಶಾಖೆಗೆ ಶಾಖೆಯನ್ನೂ ನೌಕರನಿಗೆ ನೌಕರನನ್ನೂ ಎದುರು ನಿಲ್ಲಿಸಿ, ವಸೂಲಿಯ ಶೇಕಡಾ ಲೆಕ್ಕದಿಂದ ಹೆಸರುಗಳನ್ನು ಮೇಲುಕೆಳಗು ಜೋಡಿಸಿ, ಕೊನೆಯವನನ್ನು ಎಲ್ಲರ ಸಮಕ್ಷಮದಲ್ಲಿ ಲಜ್ಜೆಗೀಡುಮಾಡುವ ಕಡೆ, ಸಹೋದ್ಯೋಗಿಯ ಸೋಲೇ ತನ್ನ ಉಳಿವೆಂಬ ಭಾವ ಬೇರೂರದೆ ಇರದು. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನೆಚ್ಚಿದ ಸಿಂಧನೂರು ಕಡೆಯ ಭತ್ತದ ನಾಡಿನಲ್ಲಿ ಹಣ ಬರುವುದು ಸುಗ್ಗಿಗೆ, ಕಾಲುವೆಯ ಕೊನೆಭಾಗದಲ್ಲಂತೂ ಅದೂ ನಿಶ್ಚಿತವಲ್ಲ. ಕಂತಾದರೋ ವಾರಕ್ಕೋ ತಿಂಗಳಿಗೋ ಬಂದು ನಿಲ್ಲುತ್ತದೆ. ಈ ಅಂತರವನ್ನು ಕಣ್ಣಾರೆ ಕಂಡ ನೌಕರನು ಮೇಲಿನವರಿಗೆ ಅದನ್ನು ಅರುಹಿದರೆ ಅವನದೇ ಅಸಾಮರ್ಥ್ಯವೆಂದು ಎಣಿಕೆಯಾಗುತ್ತದೆ. ಸತ್ಯ ನುಡಿದವನು ಕೆಳಗಿಳಿಯುವ ಕಚೇರಿಯನ್ನು ಗುರುತಿಸಲು ಬೇರೆ ಲಕ್ಷಣ ಬೇಕಿಲ್ಲ.

ಸಾಲಗಾರರು ಗೊತ್ತಾದ ಸ್ಥಳಕ್ಕೆ ಸತತ ಎರಡು ಬಾರಿಯಾದರೂ ಬಾರದಿದ್ದ ಹೊರತು ಮನೆಗೆ ಹೋಗಬಾರದೆಂದೂ, ಬೆಳಿಗ್ಗೆ 9ಕ್ಕೆ ಮುನ್ನ, ಸಂಜೆ 6ರ ತರುವಾಯ ಕರೆ ಮಾಡಕೂಡದೆಂದೂ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನವು ವಿಧಿಸಿತು. ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಸೆರೆವಾಸವನ್ನು ರಾಜ್ಯದ 2025ರ ಕಾನೂನು ತಂದಿತು. ಇವು ಅವಶ್ಯವಾದವು. ಆದರೆ ತಿಂಗಳ ಕೊನೆಗೆ ಪಟ್ಟಿ ತುಂಬಬೇಕಾದವನು ಎರಡನೆಯ ಗೈರುಹಾಜರಿಗೆ ಕಾದಾನೆಂದು ನಂಬುವುದು ಹೇಗೆ?

ಇದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಿಲಾಶಾಸನವು ಅಶೋಕನ ಹೆಸರನ್ನೇ ಹೇಳಿದ್ದರಿಂದ ಪ್ರಸಿದ್ಧವಾಯಿತು. ನನಗೆ ಅದಕ್ಕಿಂತ ಹಿರಿದಾಗಿ ತೋರುವುದು, ಧರ್ಮದ ಫಲ ಉನ್ನತರಿಗೆ ಮಾತ್ರವಲ್ಲ, ಧರ್ಮನಿಷ್ಠನಾದ ಸಾಮಾನ್ಯನಿಗೂ ಸಾಧ್ಯವೆಂದು ಚಕ್ರವರ್ತಿಯೊಬ್ಬನು ಸಾರಿದುದು. ಒಬ್ಬನು ಏರಲು ಮತ್ತೊಬ್ಬನು ಬೀಳಬೇಕೆಂಬ ಟಾರ್ಗೆಟ್ ಪಟ್ಟಿಯ ನಿಯಮವು ಈ ಶಾಸನದ ನೆಲದಲ್ಲೇ ಎಷ್ಟು ಹೀನವಾಗಿ ಕಾಣುತ್ತದೆ!

ಈ ನಿಯಮವನ್ನು ಎದುರಿಸುವ ದಾರಿಯೂ ಇದೇ ಸೀಮೆಯಲ್ಲಿದೆ: ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಬೇಡಿಕೆಗಳನ್ನು ಕೂಡಿ ಮಂಡಿಸುವ ಕಾರ್ಮಿಕ ಸಂಘಗಳಿವೆ. ಊರೂರು ಒಂಟಿಯಾಗಿ ಸುತ್ತುವ ಈ ತರುಣರಿಗೂ ಅಂಥದೊಂದು ಸಂಘಟನೆ ಬೇಕು. ಕಂತು ತಪ್ಪಿದ ಕಾರಣವನ್ನು ದಾಖಲೆಯಲ್ಲಿ ಬರೆಯುವುದು, ಗುರಿಯ ಆಜ್ಞೆಯನ್ನು ಲಿಖಿತವಾಗಿ ಕೇಳುವುದು, ಸಹೋದ್ಯೋಗಿಯನ್ನು ಅವಮಾನಿಸುವ ಸಭೆಯಲ್ಲಿ ಮೌನ ಮುರಿಯುವುದು ಒಬ್ಬನಿಗೆ ಕೆಲಸ ಕಳೆದುಕೊಳ್ಳುವ ಸಾಹಸವಾದೀತು. ಶಾಖೆಯವರೆಲ್ಲರೂ ಒಮ್ಮೆಗೇ ಕೇಳಿದರೆ ಮೇಲಿನವರು ಉತ್ತರ ಕೊಡಲೇಬೇಕಾದೀತು.