ಊರು ಬೆನ್ನ ಹಿಂದಿರಲಿ

ನಕ್ಷತ್ರ ನೋಡುವ ಆಸೆಯಾದರೆ ಬೆಂಗಳೂರಿನವರು ಗಾಡಿ ತಿರುಗಿಸುವುದು ನಂದಿಬೆಟ್ಟದ ಕಡೆಗೆ. ಎತ್ತರವೇನೋ ಇದೆ, ಗಾಳಿಯೂ ತಂಪು. ಆದರೆ ಬೆಟ್ಟ ಇರುವುದು ಊರಿನ ಉತ್ತರಕ್ಕೆ. ಅಲ್ಲಿ ದಕ್ಷಿಣಕ್ಕೆ ಮುಖ ಮಾಡಿದರೆ ಇಡೀ ಬೆಂಗಳೂರಿನ ಬೆಳಕು ಎದುರಿಗೇ ಬರುತ್ತದೆ. ನಮ್ಮ ಆಕಾಶದ ಸಿರಿಯೆಲ್ಲ ಇರುವುದು ಆ ದಿಕ್ಕಿನಲ್ಲೇ.

ಕತ್ತಲೆಯ ಮಾತು ಬಂದರೆ ಈಗ ಎಲ್ಲರ ಬಾಯಲ್ಲೂ ಲಡಾಖಿನ ಹಾನ್ಲೆ. ಸುಮಾರು 4,500 ಮೀಟರ್ ಎತ್ತರ, ಒಣ ಗಾಳಿ. 2022ರಲ್ಲಿ ಕತ್ತಲಾಕಾಶದ ಮೀಸಲು ಪ್ರದೇಶವೂ ಆಯಿತು. ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ಹೋಗಿ ಬರಬೇಕಾದ ಜಾಗವೇ. ಆದರೆ ಅಷ್ಟು ಉತ್ತರದಲ್ಲಿ ತ್ರಿಶಂಕು ನಕ್ಷತ್ರಪುಂಜ ಕಾಣಿಸುವುದಿಲ್ಲ. ಖಗೋಳ ವಿಜ್ಞಾನಿ ವೈನು ಬಾಪು ಅವರು ವೀಕ್ಷಣಾಲಯಕ್ಕೆ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸುವಾಗ ಈ ಲೆಕ್ಕ ಹಾಕಿದ್ದರು: ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ದಕ್ಷಿಣದ ಆಕಾಶ ಹೆಚ್ಚು ದಕ್ಕುತ್ತದೆ.

ನನ್ನ ಆಯ್ಕೆ ಕೊಳ್ಳೇಗಾಲ ದಾಟಿ ಹನೂರು ಸೀಮೆ. ಬೆಂಗಳೂರು ಬೆನ್ನ ಹಿಂದೆ ದೂರ ಉಳಿಯುತ್ತದೆ; ಎದುರಿಗೆ ಮಲೆ ಮಹದೇಶ್ವರ ಬೆಟ್ಟದ ಕಾಡು, ಅದರಾಚೆ ತಮಿಳುನಾಡಿನ ಬರಗೂರು ಕಾಡು. ಮಲೆನಾಡಿನ ರೆಸಾರ್ಟುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ತೇವ, ಮಂಜು, ಸಾಲದ್ದಕ್ಕೆ ದಿಗಂತ ಮುಚ್ಚುವ ಮರಗಳು. ನಕ್ಷತ್ರಕ್ಕೆ ಬಯಲುಸೀಮೆಯೇ ಸರಿ.

ಹೋಗಲು ಯುಗಾದಿಯ ಹಿಂದಿನ ಅಮಾವಾಸ್ಯೆ ಒಳ್ಳೆಯದು, ಬಸವ ಜಯಂತಿಗೆ ಮುಂಚೆ ಬರುವುದು ಇನ್ನೂ ಒಳ್ಳೆಯದು. ಅಶ್ವಿನಿ ಮಳೆಯೋ ಭರಣಿ ಮಳೆಯೋ ಒಂದು ಹನಿದು ಧೂಳು ಅಡಗಿ, ಮೋಡ ಚದುರಿದ ರಾತ್ರಿ ಸಿಕ್ಕರೆ ಬಿಡಬೇಡಿ. ಅರ್ಧ ಗಂಟೆ ಮೊಬೈಲ್ ಮುಟ್ಟದೆ ಕಣ್ಣನ್ನು ಕತ್ತಲಿಗೆ ಒಗ್ಗಿಸಿ. ನಡುರಾತ್ರಿಯ ಹೊತ್ತಿಗೆ ಬೆಳ್ಳಗೆ ಹೊಳೆಯುವ ಚಿತ್ತಾ ನಕ್ಷತ್ರ ನೇರ ದಕ್ಷಿಣಕ್ಕೆ ಬಂದಿರುತ್ತದೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದು, ಚಿತ್ತೆಯಿಂದ ಕೆಳಕ್ಕೆ ಮೂರೂವರೆ ಮುಷ್ಟಿ ಅಳೆಯಿರಿ. ಅಲ್ಲೊಂದು ಮಸುಕಾದ ಚುಕ್ಕಿ ಕಾಣುತ್ತದೆ. ಅದು ನಕ್ಷತ್ರವಲ್ಲ, ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಕೋಟಿಯಷ್ಟು ನಕ್ಷತ್ರಗಳು ಒತ್ತೊತ್ತಾಗಿ ಕೂಡಿವೆ. ಸಾಧಾರಣ ದುರ್ಬೀನಿನಲ್ಲಿ ನಡುವೆ ದಟ್ಟವಾಗಿ ಅಂಚಿಗೆ ಬರುತ್ತ ಕರಗುವ ಬೂದು ಉಂಡೆ. ನೇರ ದಿಟ್ಟಿಸದೆ ಕೊಂಚ ಪಕ್ಕಕ್ಕೆ ನೋಟ ಹಾಯಿಸಿ, ಉಂಡೆ ಹಿಗ್ಗುತ್ತದೆ. ಆರು ಇಂಚಿನ ದೂರದರ್ಶಕವಿದ್ದರೆ ಅಂಚಿನ ನಕ್ಷತ್ರಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ನನಗೆ ಗೊತ್ತಿರುವಂತೆ ನಮ್ಮ ಆಕಾಶದಲ್ಲಿ ಇದಕ್ಕಿಂತ ಚೆಲುವಾದ ಗುಚ್ಛವಿಲ್ಲ. ಅಲ್ಲಿಂದ ಬಲಕ್ಕೆ ಇಳಿದರೆ ತ್ರಿಶಂಕು, ಎಡಕ್ಕೆ ಇಳಿದರೆ ಕಿನ್ನರ ಪುಂಜದ ಎರಡು ಪ್ರಖರ ತಾರೆಗಳು.

ಕಾಡಿನಂಚಿಗೆ ಹೋಗಬೇಡಿ, ಆನೆ ಓಡಾಡುತ್ತವೆ. ಪರಿಚಯದವರ ಹೊಲವೇ ವಾಸಿ. ಯಜಮಾನರಿಗೆ ಮೊದಲೇ ತಿಳಿಸಿ, ಪಂಪ್‌ಸೆಟ್ ಮನೆಯ ಬಲ್ಬನ್ನು ಆ ಒಂದು ರಾತ್ರಿ ಆರಿಸಿಕೊಡಲು ಕೇಳಿಕೊಳ್ಳಿ.