ದಸರೆಯ ನೀಲಕಂಠ, ಡಿಸೆಂಬರ್‌ನ ಲಿಸ್ಟು

ಡಿಸೆಂಬರ್ 30, ರಾತ್ರಿ ಹನ್ನೊಂದು ಗಂಟೆ. ಫೋನ್ ಬಂತು. "ನಾಳಿ ಕಾರಂಜಾಕ್ಕ ಹೋಗಮೇನ್ರಿ? ನಂದು ಇನ್ನಾ ಎರಡು ಕಮ್ಮಿ ಅದಾವ."

ಏನು ಎರಡು ಅಂತ ನಾನು ಕೇಳಲಿಲ್ಲ. ಹಕ್ಕಿ ನೋಡುವ ಚಟ ಹತ್ತಿದವರಿಗೆ ಡಿಸೆಂಬರ್ ಕೊನೆಯ ವಾರ ಅಂದರೆ ಬ್ಯಾಂಕಿನವರಿಗೆ ಮಾರ್ಚ್ ಕೊನೆಯ ವಾರ ಇದ್ದಂಗೆ. ಟಾರ್ಗೆಟ್ ಮುಗಿಸಬೇಕು, ಜನವರಿ 1ಕ್ಕೆ ಎಲ್ಲರ ಲೆಕ್ಕ ಮತ್ತೆ ಸೊನ್ನೆ. ಅವರದು 148 ಆಗಿತ್ತು, 150 ಬೇಕಿತ್ತು. ನಾನು 131ರಲ್ಲಿ ಸಿಕ್ಕಿಕೊಂಡಿದ್ದೆ, ಎರಡು ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ. ಆದರೂ ಹೊರಟೆ. ಕಾರು ಅವರದು, ಮತ್ತೆ ಅವರ ಮನೆಯ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇರುತ್ತೆ.

ಬೀದರ್ ಬಿಟ್ಟು ಭಾಲ್ಕಿ ಕಡೆ ಹೊರಟು ಬ್ಯಾಲಹಳ್ಳಿ ಹತ್ತಿರದ ಅಣೆಕಟ್ಟು ಮುಟ್ಟಿದಾಗ ನೀರಿನ ಮೇಲೆ ಇನ್ನೂ ಮಂಜು. ಮಂಜು ಸರಿದಾಗ ಸೂಜಿಬಾಲದ ಬಾತು ಸಿಕ್ಕಿತು. 149. ಒಂಬತ್ತರ ಹೊತ್ತಿಗೆ ದೂರದ ಕೆಸರಿನಲ್ಲಿ ಒಂದು ಗದ್ದೆಗೊರವ ಓಡಾಡುತ್ತಿತ್ತು. ಅದು ಯಾವ ಗದ್ದೆಗೊರವ ಅಂತ ಅರ್ಧ ತಾಸು ಚರ್ಚೆ. ಕೊನೆಗೆ ಅವರ ಲಿಸ್ಟಿಗೆ ಯಾವುದು ಬೇಕಿತ್ತೋ ಅದೇ ಆಯಿತು. 150. ರೊಟ್ಟಿ ಬಿಚ್ಚಿದೆವು.

ಅವರು ಲಿಸ್ಟ್ ಸಬ್ಮಿಟ್ ಮಾಡುವಾಗ ಪಕ್ಕದಿಂದ ಇಣುಕಿದೆ. ಬಾತಿನ ಮುಂದೆ 6. ಗದ್ದೆಗೊರವದ ಮುಂದೆ 1. ಉಳಿದ ಎಲ್ಲದರ ಮುಂದೆ ಎಕ್ಸ್. ಇ-ಬರ್ಡ್ ಆ್ಯಪಿನಲ್ಲಿ ಎಕ್ಸ್ ಅಂದರೆ 'ಇತ್ತು, ಎಣಿಸಿಲ್ಲ' ಅಂತ. ಆ ಹೊತ್ತಿಗೆ ನೀರಿನ ಅಂಚಿನುದ್ದಕ್ಕೂ ನಾಮದ ಕೋಳಿಗಳು ಕರ್ರಗೆ ಹರಡಿಕೊಂಡಿದ್ದವು. ನೂರೋ, ನಾನೂರೋ, ಯಾರಿಗೆ ಬೇಕಿತ್ತು? ನಾಮದ ಕೋಳಿ ಅವರಿಗೆ ಜನವರಿ 3ಕ್ಕೇ ಆಗಿಹೋಗಿತ್ತು.

ನಗಬೇಡಿ. ಆವತ್ತಿನ ನನ್ನ ಲಿಸ್ಟಿನಲ್ಲೂ ಎಕ್ಸ್‌ಗಳೇ ಇದ್ದವು. ಮನೆಗೆ ಬಂದು ನನ್ನ 131 ಹೆಸರುಗಳ ಪಟ್ಟಿಯನ್ನ, ಒಂದು ಪುಸ್ತಕವನ್ನ ವಿಮರ್ಶೆಗೆ ತಗೊಂಡ ಹಾಗೆ, ಮೊದಲಿಂದ ಕೊನೆವರೆಗೆ ಓದಿದೆ. ಒಂದು ಬರಹವಾಗಿ ಅದು ಎಂಥದ್ದು?

ಕೆಟ್ಟ ಬರಹ ಅಂತಲೇ ಹೇಳಬೇಕು. ಮೊದಲರ್ಧಕ್ಕೂ ಹೆಚ್ಚು ಜನವರಿಯಲ್ಲೇ ಮುಗಿದುಹೋಗುತ್ತೆ. 'ಗೊರವಂಕ, ಜನವರಿ 1, ಪಾಪನಾಶ ಕೆರೆ.' ಆಮೇಲೆ ವರ್ಷವಿಡೀ ಗೊರವಂಕದ ಸುದ್ದಿಯೇ ಇಲ್ಲ, ಜನವರಿ 2ಕ್ಕೆ ಬೀದರ್ ಬಿಟ್ಟು ಹೋಯಿತೇನೋ ಅನ್ನಬೇಕು. ಗುಬ್ಬಿ ಹಾಗೇ, ಕಾಜಾಣ ಹಾಗೇ. ಫೆಬ್ರುವರಿಯಿಂದ ಕಥೆ ಓಡೋದು ಬರೀ ಅಪರೂಪದ ಹಕ್ಕಿಗಳ ಹಿಂದೆ, ಅಂದರೆ ಹೊನ್ನಿಕೇರಿ ಕಾಡು, ಕಾರಂಜಾ, ಮತ್ತೆ ಹೊನ್ನಿಕೇರಿ. ಮೇ ತಿಂಗಳು ಪೂರ್ತಿ ಖಾಲಿ. ಔರಾದ್ ತಾಲೂಕು ಅನ್ನೋದು ಒಂದೇ ಒಂದು ಸಾಲಿನಲ್ಲಿ ಬರುತ್ತೆ, ಅದೂ ಮದುವೆಗೆ ಹೋಗಿದ್ದಾಗ ಕಂಡ ಹಕ್ಕಿ. ಈ ಬರಹದ ನಾಯಕ ಹಕ್ಕಿ ಅಲ್ಲ, ನಾನು. ಇದನ್ನು ಓದಿದವರಿಗೆ ನಾನು ಯಾವ ಶನಿವಾರ ಫ್ರೀ ಇದ್ದೆ ಅಂತ ಗೊತ್ತಾಗುತ್ತೆ. ಬೀದರಿನ ಹಕ್ಕಿಗಳ ಬಗ್ಗೆ ಏನೂ ಗೊತ್ತಾಗಲ್ಲ.

ಈ ಪ್ರಕಾರಕ್ಕೆ ದೊಡ್ಡ ಪರಂಪರೆಯೇ ಇದೆ. 'ದಿ ಬಿಗ್ ಇಯರ್' ಸಿನಿಮಾ ನೀವು ನೋಡಿರಬಹುದು, 2011ರದ್ದು. 1998ರಲ್ಲಿ ಉತ್ತರ ಅಮೆರಿಕದಲ್ಲಿ ಮೂರು ಜನ ಒಂದು ವರ್ಷದ ಪಟ್ಟಿಗಾಗಿ ಹಟ ಹಿಡಿದು ಓಡಾಡಿದ ನಿಜ ಕಥೆಯ ಮೇಲೆ ಮಾಡಿದ್ದು. ಗೆದ್ದವನು 700 ದಾಟಿದ್ದ. ಸಿನಿಮಾ ಚೆನ್ನಾಗಿದೆ, ನಾನು ಎರಡು ಸಲ ನೋಡಿದ್ದೀನಿ. ಆದರೆ ನೆನಪು ಮಾಡಿಕೊಳ್ಳಿ, ಅದರಲ್ಲಿ ಯಾವುದಾದರೂ ಒಂದು ಹಕ್ಕಿ ನಿಮಗೆ ನೆನಪಿದೆಯಾ? ನನಗೆ ನೆನಪಿರೋದು ವಿಮಾನ ನಿಲ್ದಾಣಗಳು.

ಅಷ್ಟು ದೂರ ಹೋಗೋದೂ ಬೇಡ. ವರ್ಷದ ಪಟ್ಟಿ ಅನ್ನೋದನ್ನ ಅಮೆರಿಕದವರು ಕಂಡುಹಿಡಿಯುವ ಮುಂಚೆಯೇ ನಮ್ಮ ಕಡೆ ಅದಿತ್ತು, ಒಂದೇ ಹೆಸರಿನ ಪಟ್ಟಿ. ದಸರೆ ದಿವಸ ನೀಲಕಂಠ ಕಂಡರೆ ವರ್ಷ ಚೆನ್ನಾಗಿರುತ್ತೆ ಅಂತ ನಮ್ಮಜ್ಜಿ ಬೆಳಗ್ಗೆಯೇ ಮಾಳಿಗೆ ಮೇಲೆ ಕಳಿಸುತ್ತಿದ್ದಳು. ಗಡಿಯಾಚೆ ತೆಲಂಗಾಣದಲ್ಲಿ ಇದು ಇನ್ನೂ ಜೋರು. ಅಲ್ಲಿ ಅದಕ್ಕೆ ಪಾಲಪಿಟ್ಟ ಅಂತಾರೆ, ಅದೇ ಅವರ ರಾಜ್ಯಪಕ್ಷಿ. ಕರ್ನಾಟಕದ ರಾಜ್ಯಪಕ್ಷಿಯೂ ಅದೇ. ವರ್ಷಕ್ಕೆ ಒಂದು ಸಲ, ಒಂದು ಹಕ್ಕಿ, ಕಣ್ಣಿಗೆ ಬಿದ್ದರೆ ಸಾಕು. ಮೊದಲು ಜನ ಊರ ಹೊರಗೆ ಹೊಲಕ್ಕೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಊರು ದೊಡ್ಡದಾಯಿತು, ಹೊಲ ದೂರವಾಯಿತು. ಈಗ ಹೈದರಾಬಾದಿನಲ್ಲಿ ದಸರೆ ಬಂದರೆ ಹಕ್ಕಿಯನ್ನೇ ಹಿಡಿದು, ಪಂಜರದಲ್ಲಿಟ್ಟು, ದುಡ್ಡು ತಗೊಂಡು ದರ್ಶನ ಮಾಡಿಸುತ್ತಾರೆ. ಅರಣ್ಯ ಇಲಾಖೆಯವರು ಹಿಡಿದು ಬಿಡಿಸುವ ಸುದ್ದಿ ಪೇಪರಿನಲ್ಲಿ ಬರುತ್ತಿರುತ್ತೆ.

ನಾವು ಪಂಜರದವರಲ್ಲ, ಒಪ್ಪಿದೆ. ಆದರೆ 'ಒಂದು ಸಲ ಕಂಡರೆ ಆಯಿತು' ಅನ್ನೋದು ಎರಡೂ ಕಡೆ ಒಂದೇ. ಅದು ಹಕ್ಕಿಯನ್ನು ದರ್ಶನದ ವಸ್ತು ಮಾಡುತ್ತೆ. ದರ್ಶನ ಆದಮೇಲೆ ದೇವರು ಊಟ ಮಾಡಿದನೋ ಇಲ್ಲವೋ ಭಕ್ತನಿಗೆ ಬೇಕಿಲ್ಲ. ಒಮ್ಮೆ ಒಂದು ಗುಂಪಿನ ಜೊತೆ ಹೋಗಿದ್ದೆ, ಯಾವ ಊರು ಅಂತ ಬೇಡ. ಬಂಡೆಯ ಮೇಲೆ ಗೂಡು ಮಾಡಿದ್ದ ಗೂಬೆಯ ಮುಂದೆ ಸರದಿ ಪ್ರಕಾರ ನಿಂತು ಫೋಟೊ ತೆಗೆದರು. ಎಲ್ಲರದೂ ಮುಗಿಯುವವರೆಗೆ ತಾಯಿ ಗೂಬೆ ವಾಪಸ್ ಬರಲೇ ಇಲ್ಲ. ಬಿಸಿಲು ಏರಿತು. ನಾನೂ ಸರದಿಯಲ್ಲಿದ್ದೆ.

ಈಗ ಆ ನೀಲಕಂಠಕ್ಕೆ ಬರೋಣ. 2023ರ ಆಗಸ್ಟಿನಲ್ಲಿ ಬಂದ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಪ್ರಕಾರ ಸುಮಾರು ಹನ್ನೆರಡು ವರ್ಷದಲ್ಲಿ ದೇಶದಲ್ಲಿ ಅದರ ಪ್ರಮಾಣ ಶೇಕಡಾ 30ರಷ್ಟು ಇಳಿದಿದೆ. ಕರೆಂಟ್ ತಂತಿ ಮೇಲೆ ದಿನಾ ಕಾಣುತ್ತಿದ್ದ ಹಕ್ಕಿ. ಇದು ಹೇಗೆ ಗೊತ್ತಾಯಿತು? ನನ್ನ ನಿಮ್ಮಂಥ 30,000ಕ್ಕೂ ಹೆಚ್ಚು ಹವ್ಯಾಸಿಗಳು ಕೊಟ್ಟ ಸುಮಾರು ಮೂರು ಕೋಟಿ ದಾಖಲೆಗಳಿಂದ. ಅಂದರೆ ಲಿಸ್ಟಿನಿಂದಲೇ! ಹಾಗಾದರೆ ಲಿಸ್ಟನ್ನು ಬೈಯುವ ನಾನು ಯಾರು?

ಇಲ್ಲಿ ಸ್ವಲ್ಪ ನಿಲ್ಲಬೇಕು. ವರದಿಯವರು ಲೆಕ್ಕ ಹಾಕಿದ್ದು ವರ್ಷದ ಪಟ್ಟಿಗಳಿಂದ ಅಲ್ಲ. ಇ-ಬರ್ಡ್‌ನಲ್ಲಿ ಲಿಸ್ಟ್ ಕಳಿಸುವಾಗ ಕೊನೆಗೊಂದು ಪ್ರಶ್ನೆ ಬರುತ್ತಲ್ಲ, ಗುರುತಿಸಲು ಸಾಧ್ಯವಾದ ಎಲ್ಲಾ ಹಕ್ಕಿಗಳನ್ನೂ ಬರೆದಿದ್ದೀರಾ ಅಂತ, ಅದಕ್ಕೆ 'ಹೌದು' ಅಂದ ಲಿಸ್ಟುಗಳಿಂದ. ಅಂಥ ನೂರು ಲಿಸ್ಟಿನಲ್ಲಿ ಎಷ್ಟರಲ್ಲಿ ನೀಲಕಂಠ ಇದೆ ಅಂತ ನೋಡುತ್ತಾರೆ. ಕಾಲ ಕಳೆದಂತೆ ಆ ಪಾಲು ಕರಗಿದರೆ ಹಕ್ಕಿ ಕರಗುತ್ತಿದೆ ಅಂತ ಅರ್ಥ. ಹಂಗಂದರೆ ನೀಲಕಂಠ ಇಲ್ಲದ ಲಿಸ್ಟಿಗೂ ಅಷ್ಟೇ ಬೆಲೆ, ಅದು 'ಇವತ್ತು ಇಲ್ಲಿ ಕಾಣಲಿಲ್ಲ' ಅಂತ ಹೇಳುತ್ತೆ. ನನ್ನ 131ರ ಪಟ್ಟಿಗೆ ಹೇಳಲು ಬಾರದ ಮಾತು ಅದೊಂದೇ. ಅದಕ್ಕೆ ಕಂಡದ್ದು ಮಾತ್ರ ಗೊತ್ತು, ಅದೂ ಒಂದೇ ಸಲ.

ಅದೇ ವರದಿಯ ಇನ್ನೊಂದು ಅಂಕಿ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅವರು ತೆಗೆದುಕೊಂಡದ್ದು 942 ಪ್ರಭೇದ. ಅದರಲ್ಲಿ ದೀರ್ಘಕಾಲದ ಏರಿಳಿತ ಹೇಳೋಕೆ ಸಾಕಾಗುವಷ್ಟು ಮಾಹಿತಿ ಸಿಕ್ಕಿದ್ದು 338ಕ್ಕೆ ಮಾತ್ರ. ಆ 338ರಲ್ಲಿ ಶೇಕಡಾ 60 ಇಳಿಕೆಯಲ್ಲಿವೆ. ಉಳಿದ ಆರುನೂರರ ಗತಿ ಏನು? ಹುಲ್ಲುಗಾವಲು, ಕುರುಚಲು, ಬಯಲು, ಅಂದರೆ ನಮ್ಮ ಜಿಲ್ಲೆಯಂಥ ಜಾಗದ ಹಕ್ಕಿಗಳಿಗೇ ಹೆಚ್ಚು ಪೆಟ್ಟು ಅಂತ ವರದಿ ಹೇಳುತ್ತೆ.

ನಮ್ಮ ಸಮಸ್ಯೆ ಇರೋದೇ ಇಲ್ಲಿ. ಬೀದರ್ ಊರು ಕೂತಿರೋದು ಕೆಂಪು ಮುರಕಲ್ಲಿನ ದಿನ್ನೆ ಮೇಲೆ. ಅದರ ಕೆಳಗೆ ಭಾಲ್ಕಿ, ಔರಾದ್ ಕಡೆ ಇಳಿದರೆ ಕರಿಮಣ್ಣು, ಸೋಯಾ, ತೊಗರಿ, ನಡುನಡುವೆ ಗಾಯರಾಣ. ಗಾಯರಾಣ ಅಂದರೆ ಊರ ದನ ಕುರಿ ಮೇಯುವ ಬಯಲು, ಬೆಂಗಳೂರಿನವರು ಗೋಮಾಳ ಅಂದುಕೊಳ್ಳಿ. ಸರ್ಕಾರದ ಪಾಳುಭೂಮಿ ಅಟ್ಲಾಸಿನಲ್ಲಿ ಕುರುಚಲು ಬೆಳೆದ ಜಮೀನು ಕೂಡ 'ಪಾಳು' ಲೆಕ್ಕದಲ್ಲೇ ಬರುತ್ತೆ. ನಾಳೆ ಅಲ್ಲಿ ಲೇಔಟ್ ಬರಲಿ, ಸೋಲಾರ್ ಬರಲಿ, 'ಇಲ್ಲೇನಿತ್ತು?' ಅಂತ ಯಾರಾದರೂ ಕೇಳಿದರೆ ತೋರಿಸೋಕೆ ನಮ್ಮ ಹತ್ತಿರ ಒಂದು ಕಾಗದ ಇರಬೇಕಲ್ಲ? ವರ್ಷದ ಪಟ್ಟಿ ಆ ಕಾಗದ ಅಲ್ಲ. ಅದು ನಮ್ಮನ್ನು ಹಕ್ಕಿ ಖಾತ್ರಿ ಇರುವ ಕಡೆಗೇ ಎಳೆಯುತ್ತೆ. ಹೊನ್ನಿಕೇರಿಗೆ ಲಿಸ್ಟ್ ಮೇಲೆ ಲಿಸ್ಟ್, ಔರಾದಿನ ಗಾಯರಾಣಕ್ಕೆ ಒಂದು ಮದುವೆ.

ಹಿಂದೆ ಹೀಗಿರಲಿಲ್ಲ ಅಂತ ಹೇಳಲಾರೆ. 1931–32ರಲ್ಲಿ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸರ್ವೇ ಮಾಡಿದರು, ಆಗ ಬೀದರ್ ನಿಜಾಮನದೇ ಜಿಲ್ಲೆ. ಮುಂದಿನ ಎರಡು ವರ್ಷದಲ್ಲಿ ಬಿಎನ್‌ಎಚ್‌ಎಸ್ ಜರ್ನಲ್ಲಿನಲ್ಲಿ ಕಂತುಕಂತಾಗಿ ಬಂತು. ಆ ಕಾಲದ ಸರ್ವೇ ಅಂದರೆ ಕೋವಿ, ಹಕ್ಕಿ ಹೊಡೆದು ಚರ್ಮ ತುಂಬಿಡೋದು. ಇವತ್ತು ಓದಿದರೆ ಕಸಿವಿಸಿ ಆಗುತ್ತೆ. ಆದರೆ ಪ್ರತಿ ಹಕ್ಕಿಗೂ ಜಾಗ, ತಾರೀಕು, ಎಂಥ ನೆಲ ಅನ್ನೋದಿದೆ. ಒಟ್ಟು ಎಷ್ಟು ಬಗೆ ನೋಡಿದೆ ಅನ್ನೋದು ಅವರ ಮುಖ್ಯ ಸುದ್ದಿಯಲ್ಲ. ನಮ್ಮ ತೇಜಸ್ವಿಯವರ ಹಕ್ಕಿ ಪುಸ್ತಕಗಳ ಗುಣವೂ ಅದೇ, ಒಂದೇ ಹಕ್ಕಿಯ ಮುಂದೆ ಎಷ್ಟು ಹೊತ್ತಾದರೂ ಕೂತುಬಿಡುತ್ತಾರೆ. ಅವರನ್ನು ಓದಿ ಬೈನಾಕ್ಯುಲರ್ ಕೊಂಡ ನಾವು ಮಾತ್ರ ಕೂರೋದು ಬಿಟ್ಟು ಓಡೋಕೆ ಹತ್ತಿದೆವು.

ಇಷ್ಟು ಹೇಳಿದ ಮೇಲೆ ಲಿಸ್ಟಿನ ಪರವಾಗಿಯೂ ಒಂದು ಮಾತು. ಆ ಹುಚ್ಚು ಇರದಿದ್ದರೆ ನಾನು ಆರು ದಿನ ಲ್ಯಾಪ್‌ಟಾಪ್ ಮುಂದೆ ಕೂತು ಏಳನೇ ದಿನ ಬೆಳಗ್ಗೆ ಐದಕ್ಕೆ ಏಳುತ್ತಿರಲಿಲ್ಲ. ಉಲಿಯಕ್ಕಿಗಳಲ್ಲಿ ಎಷ್ಟು ಬಗೆ ಅಂತ ಕಲಿಯುತ್ತಿರಲಿಲ್ಲ. ಹೊಸಬರಿಗೆ ಮೊದಲ ವರ್ಷ ಪಟ್ಟಿ ಬೇಕೇ ಬೇಕು, ಮಗ್ಗಿ ಬೇಕಾದ ಹಾಗೆ. ನನ್ನ ತಕರಾರು ಐದನೇ ವರ್ಷವೂ ಮಗ್ಗಿಯನ್ನೇ ಹೇಳಿ ಚಪ್ಪಾಳೆ ಕೇಳುವ ನಮ್ಮಂಥವರ ಬಗ್ಗೆ. ಅಲ್ಲದೆ ಜಿಲ್ಲೆಯ ಟಾಪ್ ಹಂಡ್ರೆಡ್ ಅಂತ ಒಂದು ಪುಟ ಇದೆಯಲ್ಲ, ಅದನ್ನು ದಿನಾ ತೆಗೆದು ನೋಡುವವರ ಬಗ್ಗೆ. (ನೋಡುತ್ತೀನಿ. ಈಗಲೂ.)

ಈ ವರ್ಷ ಬೇರೆ ಥರ ಮಾಡಿ ನೋಡೋಣ ಅಂತ ಔರಾದ್ ರಸ್ತೆಯ ಒಂದು ಗಾಯರಾಣ ಆರಿಸಿಕೊಂಡೆ. ಊರಿಗೆ ಬಂದಾಗಲೆಲ್ಲ ಅದೇ ಬಯಲು, ಅದೇ ಅರ್ಧ ತಾಸು, ಎಕ್ಸ್ ಇಲ್ಲ, ಎಲ್ಲವನ್ನೂ ಎಣಿಸೋದು. ನಿಜ ಹೇಳಲಾ? ಬೋರು. ಮೂರನೇ ಸಲಕ್ಕೆ 14 ಹೆಸರು, ನಾಲ್ಕನೇ ಸಲಕ್ಕೆ 11, ಅದರಲ್ಲಿ ಹೊಸದೊಂದೂ ಇಲ್ಲ. ನನ್ನ ವರ್ಷದ ಪಟ್ಟಿ ಮೇ ಹೊತ್ತಿಗೆ 70 ದಾಟಿರಲಿಲ್ಲ. 150ರವರು ಫೋನ್ ಮಾಡಿ "ಆರಾಮ್ ಇಲ್ಲೇನ್ರಿ?" ಅಂತ ಕೇಳಿದರು.

ಆ ಮೇ ತಿಂಗಳ ಒಂದು ಬೆಳಗ್ಗೆ, ಎಂಟಕ್ಕೇ ನೆಲ ಕಾದಿತ್ತು. ಬೂದಿ ನೆತ್ತಿಯ ನೆಲಗುಬ್ಬಿಗಳು ಮೇಲಕ್ಕೇರಿ ಸಿಳ್ಳೆ ಹೊಡೆಯುತ್ತ ಕಲ್ಲು ಬಿದ್ದ ಹಾಗೆ ಬೀಳುತ್ತಿದ್ದವು. ಎಣಿಸುತ್ತಿದ್ದೆ, 9, 10. ಕುರಿ ಕಾಯುವ ಹಿರಿಯರೊಬ್ಬರು ಬಂದು ಪಕ್ಕ ನಿಂತರು.

"ಏನ್ ನೋಡ್ಲಕತ್ತೀರಿ ಸಾಹೇಬ್ರೆ? ಜಮೀನ್ ತಗೋತೀರೇನು?"

"ಇಲ್ಲ ಕಾಕಾ, ಹಕ್ಕಿ ಎಣಿಸ್ಲಕತ್ತೀನ್ರಿ."

ಅವರು ನಗಲಿಲ್ಲ. "ಟಿಟ್ವಿ ನೋಡಿದ್ರೇನು? ಹಳದಿ ಗಲ್ಲದ್ದು?" ಅಂತ ಕೇಳಿ ಇಪ್ಪತ್ತು ಹೆಜ್ಜೆ ಆಚೆ ಕೋಲಿನಿಂದ ತೋರಿಸಿದರು. ಹಳದಿ ಟಿಟ್ಟಿಭ ಬರಿ ನೆಲದ ಮೇಲೆ ಕೂತಿತ್ತು. ನಾನು ಅದೇ ದಾರಿಯಲ್ಲಿ ಎರಡು ಸಲ ಓಡಾಡಿದ್ದೆ. ಹತ್ತಿರ ಹೋಗಬೇಡಿ, ತತ್ತಿ ಮೇಲೆ ಕೂತದ ಅಂದರು. ತಿತ್ತರ್ ಯಾವ ಬೇಲಿಯಲ್ಲಿ, ಬಟೇರ್ ಯಾವ ಹೊಲದ ಬದುವಿನಲ್ಲಿ ಅಂತ ಹೇಳಿದರು. ನನ್ನ ಆ್ಯಪಿನಲ್ಲಿರೋ ಹೆಸರು ಅವರಿಗೆ ಗೊತ್ತಿಲ್ಲ, ಅವರು ಹೇಳಿದ ಹೆಸರು ಕನ್ನಡದ ನನ್ನ ಯಾವ ಹಕ್ಕಿ ಪುಸ್ತಕದಲ್ಲೂ ಇಲ್ಲ. ಅರ್ಧ ಮರಾಠಿ, ಅರ್ಧ ಉರ್ದು, ಹಕ್ಕಿ ಮಾತ್ರ ಅದೇ.

"ಇದು ಬರ್ಕೊಂಡು ಏನ್ ಮಾಡ್ತೀರಿ?"

ಮುಂದೆ ಕಮ್ಮಿ ಆದರೆ ಗೊತ್ತಾಗಲಿ ಅಂತ ಬರೆದಿಡೋದು ಕಾಕಾ ಅಂದೆ.

ಅವರು ಸ್ವಲ್ಪ ಹೊತ್ತು ಬಯಲು ನೋಡಿದರು. "ಹಂಗಿದ್ರ ಇದನ್ನೂ ಬರ್ಕೋರಿ. ಕೆರಿ ಕಡಿ ಸೋಯಾ ಬಿತ್ತಲಕ ಹತ್ತಿದ ಮ್ಯಾಗ ಟಿಟ್ವಿ ಅಲ್ಲಿಂದ ಇಲ್ಲಿಗಿ ಬಂದಾವ. ಮೊದಲು ಅಲ್ಲಿ ಭಾಳ ಇದ್ವು."

ಆ್ಯಪಿನಲ್ಲಿ ಅದಕ್ಕೆ ಕಾಲಂ ಇಲ್ಲ. ನಾನು ಕಂಡದ್ದಷ್ಟನ್ನೇ ತಗೊಳ್ಳುತ್ತೆ ಅದು. ಹಳದಿ ಟಿಟ್ಟಿಭದ ಮುಂದೆ 1 ಅಂತ ಹಾಕಿ, ಕೆಳಗೆ ಟಿಪ್ಪಣಿಯ ಜಾಗದಲ್ಲಿ ಕಾಕಾ ಹೇಳಿದ ಮಾತನ್ನ ಅವರ ಮಾತಿನಲ್ಲೇ ಟೈಪ್ ಮಾಡಿದೆ. ಟಿಟ್ವಿ ಅಂತಲೇ. ಅಷ್ಟರಲ್ಲಿ ಕುರಿ ಮುಂದೆ ಹೋಗಿದ್ದವು, ಅವರೂ ಹೋದರು. ನಾನು 11ರಿಂದ ನೆಲಗುಬ್ಬಿ ಎಣಿಸೋಕೆ ಕೂತೆ.