ಇಳಿಜಾರಿನಲ್ಲಿ ತುಂಬುವ ಬ್ಯಾಟರಿ

ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನ ಗುಣ ಚಿನಕುರಳಿ ಕಡೆ ಚೆನ್ನಾಗಿ ಗೊತ್ತಾಗುವುದು ಕಬ್ಬು ಕಡಿಯುವ ಕಾಲದಲ್ಲಿ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ತೆವಳುತ್ತಿದ್ದರೆ, ಇದರ ಪೆಟ್ರೋಲ್ ಎಂಜಿನ್ ಆಗಾಗ ಸುಮ್ಮನಾಗಿ ಮೋಟಾರೊಂದೇ ಸದ್ದಿಲ್ಲದೆ ಗಾಡಿ ಎಳೆಯುತ್ತದೆ. ಮೇಲುಕೋಟೆ ಬೆಟ್ಟ ಹತ್ತುವಾಗ ಎರಡೂ ಹೆಗಲು ಕೊಡುತ್ತವೆ. ಇಳಿಯುವಾಗ ಚಕ್ರಗಳೇ ಮೋಟಾರನ್ನು ತಿರುಗಿಸಿ ಬ್ಯಾಟರಿ ತುಂಬುತ್ತವೆ. ಬೇರೆ ಗಾಡಿಗಳಲ್ಲಿ ಬ್ರೇಕಿನ ಬಿಸಿಯಾಗಿ ಹಾಳಾಗುವ ಶಕ್ತಿ ಇಲ್ಲಿ ಮುಂದಿನ ಏರಿಗೆ ಉಳಿಯುತ್ತದೆ.

2022ರಲ್ಲಿ ಬಂದ ಈ ಗಾಡಿ ತಯಾರಾಗುವುದು ನಮ್ಮ ಬಿಡದಿಯಲ್ಲೇ. 2 ಲೀಟರ್ ಎಂಜಿನ್ನಿನ ಇದಕ್ಕೆ ಕಂಪನಿ ಹೇಳುವ ಮೈಲೇಜು ಲೀಟರಿಗೆ 23.24 ಕಿ.ಮೀ. ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಇದಲ್ಲ. ಅಂಥವುಗಳ ಬ್ಯಾಟರಿ ದೊಡ್ಡದು. ಅವುಗಳಲ್ಲಾದರೆ ಪಾಂಡವಪುರಕ್ಕೆ ಹೋಗಿಬರಲು ಪೆಟ್ರೋಲೇ ಬೇಕಾಗದು. ಅಂಥ ವ್ಯಾನ್ ಇಲ್ಲಿಗೂ ಬರಲಿ. ಆದರೆ ಕರೆಂಟು ಬಂದುಹೋಗುವ ಊರಿಗೆ, ಬಯಲಿನ ಬಿಡಾರಕ್ಕೆ, ಪ್ಲಗ್ ಕೇಳದ ಈ ಗಾಡಿ ಚೆನ್ನಾಗಿ ಒಗ್ಗುತ್ತದೆ.

ಕೊನೆಯ ಸಾಲು ಮಡಚಿದರೆ ಟೆಂಟು, ಚಾಪೆ, ಗ್ಯಾಸ್ ಒಲೆ, ನೀರಿನ ಕ್ಯಾನು ಎಲ್ಲಕ್ಕೂ ಜಾಗ. ಮಡಚದಿದ್ದರೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಮನೆ ಬುತ್ತಿ ಕಟ್ಟಿಕೊಂಡು ತೊಣ್ಣೂರು ಕೆರೆಗೆ ಹೊರಡಬಹುದು. ಎಲ್ಲರೂ ಒಟ್ಟಿಗೇ ಹೋಗಬೇಕೆನ್ನುವ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ಗಾಡಿಯನ್ನು ನಾನಂತೂ ಕಾಣೆ.